ಬಿಂಜ್ ಅಂದ್ರೆ ಏನು? ಎಂಟು ಬೆಣ್ಣೆ ದೋಸೆ, ಒಂದು ಕ್ವಾರ್ಟರ್, ಹದಿಮೂರು ಎಪಿಸೋಡು

ಹೋದ ತಿಂಗಳು ನಮ್ಮ ಪಕ್ಕದ ಮನೆ ಅಕ್ಕ ಒಂದು ಚೀಟಿ ಹಿಡ್ಕೊಂಡು ಬಂದರು. ಪಿಯುಸಿ ಓದುವ ಮಗಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಚೀಟಿಯಲ್ಲಿ ‘ಬಿಂಜ್ ಈಟಿಂಗ್’ ಅಂತ ಬರೆದಿತ್ತು. ‘ಏನಪ್ಪಾ, ಇದು ದೊಡ್ಡ ರೋಗನಾ?’ ಅಂತ ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗಲೇ ಕಾಂಪೌಂಡ್ ಆಚೆ ಅವರ ಮಗ ಫೋನಿನಲ್ಲಿ ಸ್ನೇಹಿತನಿಗೆ ಹೇಳುತ್ತಿದ್ದ: ‘ನಿನ್ನೆ ರಾತ್ರಿ ಪೂರ್ತಿ ಸೀರೀಸ್ ಬಿಂಜ್ ಮಾಡ್ದೆ ಮಗಾ, ಸಖತ್ತಾಗಿತ್ತು!’

ಅಕ್ಕ ಒಮ್ಮೆ ಚೀಟಿ ನೋಡಿದರು, ಒಮ್ಮೆ ಮಗನ ಕಡೆ ನೋಡಿದರು. ಒಂದೇ ಮನೆಯಲ್ಲಿ ಒಬ್ಬಳಿಗೆ ಕಾಯಿಲೆ, ಇನ್ನೊಬ್ಬನಿಗೆ ಮಜಾ. ಪದ ಮಾತ್ರ ಒಂದೇ.

ಅಕ್ಕನಿಗೆ ಅವತ್ತು ಅರ್ಧಂಬರ್ಧ ಹೇಳಿದ್ದೆ. ಈಗ ಸರಿಯಾಗಿ ಹೇಳಲು ಕೂತಿದ್ದೀನಿ.

## ಮರದ ತೊಟ್ಟಿಯಿಂದ ಎದ್ದು ಬಂದ ಪದ

ಬಿಂಜ್ ಮೊದಲು ಊಟದ ಪದವೂ ಅಲ್ಲ, ಕುಡಿತದ ಪದವೂ ಅಲ್ಲ. ಇಂಗ್ಲೆಂಡಿನ ಹಳ್ಳಿಗಾಡಿನ ಆಡುಮಾತಿನಲ್ಲಿ ಅದರ ಅರ್ಥ ‘ನೆನೆ ಹಾಕು’. ಮರದ ತೊಟ್ಟಿ, ಪೀಪಾಯಿ ಒಣಗಿದರೆ ಹಲಗೆ ಕುಗ್ಗಿ ಸಂದಿಯಲ್ಲಿ ಸೋರುತ್ತೆ. ಅದನ್ನು ನೀರಲ್ಲಿ ನೆನೆಸಿಟ್ಟರೆ ಮರ ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತೆ. ಹಾಗೆ ನೆನೆಸೋದಕ್ಕೆ ಅಲ್ಲಿನವರು ಬಿಂಜ್ ಅನ್ನುತ್ತಿದ್ದರು.

ನಮ್ಮ ಕಡೆ ಇದನ್ನು ವಿವರಿಸೋದೇ ಬೇಡ. ಎತ್ತಿನ ಗಾಡಿ ಇಟ್ಟಿದ್ದವರ ಮನೆಯಲ್ಲಿ ಕೇಳಿ ನೋಡಿ. ಬೇಸಿಗೆಯಲ್ಲಿ ಗಾಲಿಯ ಮರ ಒಣಗಿ ಕುಗ್ಗಿದರೆ ಸುತ್ತ ಹಾಕಿದ ಕಬ್ಬಿಣದ ಪಟ್ಟಿ ಸಡಿಲವಾಗುತ್ತೆ. ಆಗ ಗಾಡಿಯನ್ನು ಹಳ್ಳಕ್ಕೋ ಕೆರೆಗೋ ಇಳಿಸಿ ನಿಲ್ಲಿಸುತ್ತಿದ್ದರು. ಮರ ನೀರು ಕುಡಿದು ಉಬ್ಬಿ ಪಟ್ಟಿ ಬಿಗಿಯಾಗೋದು. ‘ಮರ ನೀರು ಕುಡಿದು’ ಅಂತ ಈಗ ನಾನೇ ಬರೆದೆ ನೋಡಿ. ಅವರಿಗೂ ಹೀಗೇ ಹೊಳೆದಿರಬೇಕು. ತೊಟ್ಟಿ ನೀರು ಕುಡಿದಂಗೆ ಹೆಂಡದಂಗಡಿಯಲ್ಲಿ ಕೂತ ಮನುಷ್ಯನೂ ಕುಡಿದು ಕುಡಿದು ನೆನೆಯುತ್ತಾನೆ ಅಲ್ವಾ?

1854ರಲ್ಲಿ ಅಚ್ಚಾದ, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಭಾಗದ ಆಡುಮಾತಿನ ಪದಕೋಶದಲ್ಲಿ ಬಿಂಜ್ ಆಗಲೇ ಕುಡಿತದ ಅರ್ಥದಲ್ಲಿ ಸಿಗುತ್ತೆ. ಮೊದಲ ಮಹಾಯುದ್ಧದ ಹೊತ್ತಿಗೆ ಅದು ತಿನ್ನುವುದಕ್ಕೂ ಹಬ್ಬಿತು. ಟಿವಿ ನೋಡುವುದಕ್ಕೆ ಅಂಟಿಕೊಂಡಿದ್ದು ತೀರಾ ಈಚೆಗೆ. ಕಾಲಿನ್ಸ್ ನಿಘಂಟಿನವರು 2015ರಲ್ಲಿ ‘ಬಿಂಜ್ ವಾಚ್’ (ಒಂದರ ಹಿಂದೆ ಒಂದು ಎಪಿಸೋಡು ನೋಡುತ್ತಾ ಹೋಗೋದು) ಅನ್ನೋದನ್ನು ವರ್ಷದ ಪದ ಅಂತ ಆರಿಸಿದರು.

## ಕನ್ನಡದಲ್ಲಿ ಇದಕ್ಕೇನಂತೀವಿ?

‘ನಮ್ಮಲ್ಲಿ ಇದಕ್ಕೊಂದು ಪದ ಇಲ್ವಾ?’ ಇದು ಅಕ್ಕ ಕೇಳಿದ ಎರಡನೇ ಪ್ರಶ್ನೆ. ನನಗೆ ಇಷ್ಟವಾಗಿದ್ದೂ ಇದೇ. ಇದಾವೆ, ಬೇಕಾದಷ್ಟು ಇದಾವೆ. ಆದರೆ ಒಂದೊಂದೂ ಒಂದೊಂದು ಕಡೆ ಕೈ ತೋರಿಸುತ್ತೆ.

ಚಪಲ ಇದೆ. ‘ಬಾಯಿ ಚಪಲ’ ಅಂತೀವಿ. ಸಕ್ಕರೆ ಕಾಯಿಲೆ ಇರೋ ಅಜ್ಜ ದೇವರ ಮನೆ ಕಡೆ ಹೋದವರು ಫ್ರಿಜ್ ಬಾಗಿಲು ತೆಗೆದರೆ ಅದು ಚಪಲ. ಇದು ಆಸೆಯ ಹೆಸರು. ತಿನ್ನೋಕೆ ಮೊದಲೇ ಇರುತ್ತೆ, ತಿಂದ ಮೇಲೂ ಹೋಗೋದಿಲ್ಲ. ಒಂದೇ ಒಂದು ಪೇಡ ತಿಂದರೂ ಚಪಲ ಚಪಲವೇ, ಎಷ್ಟು ತಿಂದರು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ.

ಚಟ ಬೇರೆ. ಅದು ದಿನಾ ನಡೆಯುವಂಥದ್ದು. ಸಿಗರೇಟ್ ಚಟ, ಇಸ್ಪೀಟ್ ಚಟ, ಗುಟ್ಕಾ ಚಟ. ಚಟ ‘ಹತ್ತುತ್ತೆ’, ಮನುಷ್ಯ ಚಟಕ್ಕೆ ‘ಬೀಳ್ತಾನೆ’. ನಮ್ಮೂರಲ್ಲಿ ಸಂಜೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಆಗದವರು ‘ನಂಗೊಂದು ಚಟ ಆಗ್ಬಿಟ್ಟೈತೆ’ ಅಂತ ನಗುತ್ತಾರೆ. ನಗುತ್ತಾ ಹೇಳಬಹುದಾದ ಪದ ಇದು. ಗೀಳು ಹಾಗಲ್ಲ. ಅದರಲ್ಲಿ ತಲೆಯೊಳಗೆ ಕೊರೆಯುವ ಗುಂಗಿನ ಅರ್ಥ ಇದೆ. ಬೀಗ ಹಾಕಿದೆನಾ ಇಲ್ವಾ ಅಂತ ಹತ್ತು ಸಲ ವಾಪಸ್ ಬಂದು ನೋಡೋದು ಗೀಳು.

ವ್ಯಸನ ಅನ್ನೋದು ಕಚೇರಿಯ, ಭಾಷಣದ ಪದ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರಿಗೆ ಜೋಳಿಗೆ ಹಿಡಿದು ಹೋಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಹುಟ್ಟುಹಬ್ಬ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ‘ವ್ಯಸನಮುಕ್ತ ದಿನ’. ಆದರೆ ಹಳೇ ಕಾಲದವರ ಬಾಯಲ್ಲಿ ವ್ಯಸನ ಅಂದರೆ ದುಃಖ. ‘ಅವನು ಹೋದ ಸುದ್ದಿ ಕೇಳಿ ಬಹಳ ವ್ಯಸನವಾಯ್ತು’ ಅಂತಿದ್ದರು. ಚಟಕ್ಕೂ ದುಃಖಕ್ಕೂ ಒಂದೇ ಪದ ಇರೋದು ಆಕಸ್ಮಿಕವಾಗಿ ಬಂತೋ, ಅನುಭವದಿಂದ ಬಂತೋ, ನೀವೇ ಯೋಚನೆ ಮಾಡಿ.

ಇನ್ನು ಹೊಟ್ಟೆಬಾಕ, ತಿಂಡಿಪೋತ, ಬಕಾಸುರ. ಇವೆಲ್ಲ ಮನುಷ್ಯನಿಗೆ ಅಂಟಿಸುವ ಹೆಸರುಗಳು. ಒಂದು ಸಲ ಅಂಟಿದರೆ ಅವನು ಉಪವಾಸ ಇದ್ದ ದಿನವೂ ತಿಂಡಿಪೋತನೇ.

ಈಗ ಬಿಂಜ್ ಕಡೆ ಬನ್ನಿ. ಅದು ಆಸೆಯ ಹೆಸರಲ್ಲ, ದಿನದ ಅಭ್ಯಾಸದ ಹೆಸರಲ್ಲ, ಮನುಷ್ಯನ ಹೆಸರೂ ಅಲ್ಲ. ಅದು ಒಂದು ಸರದಿಯ ಹೆಸರು. ಒಂದು ಹೊತ್ತಿಗೆ ಶುರುವಾಗಿ ಇನ್ನೊಂದು ಹೊತ್ತಿಗೆ ಮುಗಿಯುತ್ತೆ. ಆ ನಡುವೆ ತಡೆಯೇ ಇಲ್ಲದೆ ಆಗಿಹೋಗಿದ್ದೇ ಬಿಂಜ್. ಆರು ತಿಂಗಳು ಗ್ಲಾಸು ಮುಟ್ಟದವನು ಒಂದು ರಾತ್ರಿ ಮಿತಿ ಮೀರಿ ಕುಡಿದರೆ ಅವನಿಗೆ ಕುಡಿತದ ಚಟ ಇದೆ ಅನ್ನೋಕಾಗಲ್ಲ. ಆದರೆ ಆ ರಾತ್ರಿ ನಡೆದದ್ದು ಬಿಂಜ್. ಅದೇ ದಿನಾ ಸಂಜೆ ಅಳತೆಗೆ ಒಂದು ಪೆಗ್ ಹಾಕುವವನಿಗೆ ಚಟ ಇದೆ, ಬಿಂಜ್ ಇಲ್ಲ.

ಈ ‘ಸರದಿ’ಗೆ ಕನ್ನಡದಲ್ಲಿ ಒಂಟಿ ಹೆಸರುಪದ ಸಿಗೋದಿಲ್ಲ. ಆದರೆ ಹೇಳೋಕೆ ಬರೋದಿಲ್ಲ ಅಂತೇನಿಲ್ಲ. ನಾವು ಕ್ರಿಯಾಪದಕ್ಕೆ ಮುಂಚೆ ಒಂದು ಮಾತು ಸೇರಿಸಿಬಿಡ್ತೀವಿ: ‘ಒಂದೇ ಪಟ್ಟಿಗೆ’ ನೋಡಿದ, ‘ಕೂತಲ್ಲೇ’ ಮುಗಿಸಿದ, ‘ಹೊಟ್ಟೆ ಬಿರಿಯ’ ತಿಂದ, ‘ಮೂಗಿನ ಮಟ್ಟ’ ತಿಂದ, ‘ಕಂಠಪೂರ್ತಿ’ ಕುಡಿದ. ಕೊನೆಯ ಮೂರನ್ನು ಗಮನಿಸಿ. ಹೊಟ್ಟೆ, ಮೂಗು, ಕಂಠ ಅಂತ ಮೈಯನ್ನೇ ಅಳತೆಗೋಲು ಮಾಡಿಕೊಂಡಿದ್ದೀವಿ. ಕಂಠ ಅನ್ನೋದು ಕೊಡಕ್ಕೂ ಇರುತ್ತೆ, ಮನುಷ್ಯನಿಗೂ ಇರುತ್ತೆ. ಇಂಗ್ಲೆಂಡಿನವರು ಕುಡುಕನನ್ನು ನೆನೆದ ತೊಟ್ಟಿ ಅಂದುಕೊಂಡರೆ ನಾವು ತುಂಬಿದ ಕೊಡ ಅಂದುಕೊಂಡೆವು.

## ಎಂಟು ದೋಸೆ ತಿಂದರೆ ಬಿಂಜಾ?

ಅಕ್ಕನ ಮೂರನೇ ಪ್ರಶ್ನೆ ಗಂಡನ ಮೇಲೆ ಬಂತು. ‘ಭಾನುವಾರ ಇವರು ಎಂಟು ಬೆಣ್ಣೆ ದೋಸೆ ತಿಂತಾರಲ್ಲ, ಅವರನ್ನೂ ತೋರಿಸ್ಬೇಕಾ?’

ನಮ್ಮ ದಾವಣಗೆರೆ ಬೆಣ್ಣೆ ದೋಸೆ ಗೊತ್ತಲ್ಲ? ಹಿಟ್ಟಿಗೆ ಮಂಡಕ್ಕಿ ಬಿದ್ದಿರುತ್ತೆ. ಅಂಚು ಗರಿಗರಿ, ನಡುವೆ ಮೆತ್ತಗೆ, ಮೇಲೆ ಕರಗುತ್ತಿರುವ ಬೆಣ್ಣೆ, ಪಕ್ಕದಲ್ಲಿ ಬೆಳ್ಳಗಿನ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ. ಗೆಳೆಯರ ಜೊತೆ ಹರಟೆ ಹೊಡೀತಾ ‘ಇನ್ನೊಂದು ಬರ್ಲಿ’ ಅಂತ ಎಂಟು ಮುಗಿಸಿದರೆ ಹೊಟ್ಟೆಗೆ ಕಷ್ಟ, ಕೊಲೆಸ್ಟ್ರಾಲಿಗೂ ಒಳ್ಳೇದಲ್ಲ. ಮಾತಿನ ಲೆಕ್ಕದಲ್ಲಿ ಅದನ್ನು ಬಿಂಜ್ ಅನ್ನಬಹುದು. ಡಾಕ್ಟರು ಚೀಟಿಯಲ್ಲಿ ಬರೆಯುವ ಬಿಂಜ್ ಈಟಿಂಗ್ ಮಾತ್ರ ಅದಲ್ಲ.

ಡಾಕ್ಟರು ನೋಡುವುದು ಮುಖ್ಯವಾಗಿ ಎರಡನ್ನು. ಸುಮಾರು ಎರಡು ಗಂಟೆಯಷ್ಟು ಹೊತ್ತಿನಲ್ಲಿ, ಬೇರೆಯವರು ಅದೇ ಸಂದರ್ಭದಲ್ಲಿ ತಿನ್ನೋದಕ್ಕಿಂತ ತೀರಾ ಜಾಸ್ತಿ ತಿಂದಿರಬೇಕು. ಜೊತೆಗೆ ‘ನಿಲ್ಲಿಸೋಕೆ ನನ್ನ ಕೈಲಿ ಆಗ್ತಿಲ್ಲ’ ಅನ್ನೋ ಭಾವನೆ ಇರಬೇಕು. ಈ ಎರಡನೆಯದೇ ತಿರುಳು. ಅದರ ಸುತ್ತ ಇನ್ನಷ್ಟು ಲಕ್ಷಣಗಳು ಇರುತ್ತವೆ: ಗಬಗಬ ತಿನ್ನೋದು, ಹಸಿವಿಲ್ಲದಿದ್ದರೂ ತಿನ್ನೋದು, ಹೊಟ್ಟೆ ನೋಯುವ ತನಕ ತಿನ್ನೋದು, ನಾಚಿಕೆಯಿಂದ ಯಾರೂ ಇಲ್ಲದಾಗ ತಿನ್ನೋದು, ತಿಂದ ಮೇಲೆ ತನ್ನ ಮೇಲೆ ತನಗೇ ಅಸಹ್ಯ ಆಗೋದು. ಇವುಗಳಲ್ಲಿ ಮೂರಾದರೂ ಇದ್ದು, ವಾರಕ್ಕೊಮ್ಮೆಯಾದರೂ ಹೀಗಾಗುತ್ತಾ ಮೂರು ತಿಂಗಳು ನಡೆದಿದ್ದರೆ ಅದನ್ನು ಕಾಯಿಲೆ ಅಂತ ಗುರುತಿಸುತ್ತಾರೆ.

ಅಕ್ಕನ ಗಂಡ ದೋಸೆ ತಿನ್ನೋದು ಹತ್ತು ಜನರ ಎದುರಿಗೆ, ಆಮೇಲೆ ಲೆಕ್ಕ ಹೇಳಿ ಹೆಮ್ಮೆ ಪಡುತ್ತಾರೆ. ಮಗಳ ಕಥೆ ಹಾಗಿರಲಿಲ್ಲ. ಬಿಸ್ಕೆಟ್ ಪ್ಯಾಕೆಟ್ಟಿನ ಖಾಲಿ ಕವರುಗಳು ಹಾಸಿಗೆ ಅಡಿಯಲ್ಲಿ, ಮಡಿಸಿ ಮಡಿಸಿ ಸಣ್ಣದು ಮಾಡಿ ಇಟ್ಟಿದ್ದು ಸಿಕ್ಕಿದ್ದವಂತೆ. ‘ಊಟಕ್ಕೆ ಕರೆದರೆ ಬೇಡ ಅಂತಾಳೆ, ರಾತ್ರಿ ಡಬ್ಬ ಖಾಲಿ ಆಗಿರುತ್ತೆ’ ಅಂದರು ಅಕ್ಕ. ‘ನಾನು ಬೈದೆ ಕಣಪ್ಪಾ, ಬರಗೆಟ್ಟವಳ ಥರ ತಿಂತೀಯಲ್ಲೇ ಅಂತ.’

ಹೀಗೆ ತಿನ್ನುವುದನ್ನು ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ 1959ರಲ್ಲೇ ವಿವರಿಸಿದ್ದರು. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದು ಸ್ವತಂತ್ರ ಕಾಯಿಲೆಯಾಗಿ ಸೇರಿದ್ದು 2013ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಪಟ್ಟಿಯಲ್ಲೂ ಇದೆ. ಇದರ ಪಕ್ಕದಲ್ಲೇ ಬುಲಿಮಿಯಾ ಅನ್ನೋ ಇನ್ನೊಂದು ಕಾಯಿಲೆ ಇದೆ. ಅದರಲ್ಲಿ ಹೀಗೆ ತಿಂದಾದ ಮೇಲೆ ತೂಕ ಏರಬಾರದು ಅಂತ ಬೇಕಂತಲೇ ವಾಂತಿ ಮಾಡೋದು, ಭೇದಿ ಮಾತ್ರೆ ನುಂಗೋದು, ಮೈ ಮುರಿಯುವಷ್ಟು ವ್ಯಾಯಾಮ ಮಾಡೋದು ಸೇರಿಕೊಳ್ಳುತ್ತೆ. ಬುಲಿಮಿಯಾ ಗ್ರೀಕ್ ಪದ. ಅಕ್ಷರಶಃ ಅರ್ಥ ‘ಎತ್ತಿನ ಹಸಿವು’. ‘ಎತ್ತು ಮೇದಂಗೆ ಮೇಯ್ತಾನೆ’ ಅಂತ ನಾವೂ ಅಂತೀವಲ್ಲ!

## ‘ಬರಗೆಟ್ಟು’ ಅನ್ನೋ ಬೈಗುಳದೊಳಗಿನ ನಿಜ

ಅಕ್ಕನ ಬೈಗುಳಕ್ಕೆ ವಾಪಸ್ ಬರ್ತೀನಿ. ‘ಬರಗೆಟ್ಟು ತಿನ್ನು’ ಅನ್ನೋದರಲ್ಲಿ ‘ಬರ’ ಇದೆ. ಬರ ಬಿದ್ದು ಕಂಗೆಟ್ಟವರು ಅನ್ನ ಕಂಡಾಗ ತಿನ್ನುವ ಹಾಗೆ ಅಂತ ಅರ್ಥ. ಚಿತ್ರದುರ್ಗ, ಜಗಳೂರು ಕಡೆಯ ಹಿರಿಯರಿಗೆ ಬರ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಬೈಗುಳ ಒರಟು, ನಿಜ. ಆದರೆ ಅದು ಒಂದು ಕ್ರಮವನ್ನು ಸರಿಯಾಗಿ ಹಿಡಿದಿದೆ: ಮೊದಲು ಬರ, ಆಮೇಲೆ ಬಕಬಕ ತಿನ್ನೋದು.

ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ತಾವಾಗಿಯೇ ಮುಂದೆ ಬಂದ 36 ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ. ಯುದ್ಧದಲ್ಲಿ ಹಸಿದ ಜನರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡೋದು ಅಂತ ತಿಳಿಯಲು ಇದನ್ನು ಮಾಡಿದ್ದು. ಅವರ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ದಿನವಿಡೀ ಊಟದ್ದೇ ಯೋಚನೆ, ಊಟದ್ದೇ ಕನಸು. ಆಮೇಲೆ ಬೇಕಾದಷ್ಟು ತಿನ್ನಿ ಅಂತ ಬಿಟ್ಟಾಗ ಕೆಲವರಿಗೆ ನಿಲ್ಲಿಸೋದೇ ಆಗಲಿಲ್ಲ. ಹೊಟ್ಟೆ ತುಂಬಿ ನೋಯುತ್ತಿದ್ದರೂ ಹಸಿವು ಹೋಗಲಿಲ್ಲ ಅಂದರು. ಅವರಾರೂ ಹುಟ್ಟಾ ಹೊಟ್ಟೆಬಾಕರಲ್ಲ. ಆರು ತಿಂಗಳ ಬರ ಹಾಗೆ ಮಾಡಿತ್ತು.

ಅಕ್ಕನ ಮಗಳು ತೆಳ್ಳಗಾಗಬೇಕು ಅಂತ ಬೆಳಗ್ಗೆ ತಿಂಡಿ ಬಿಟ್ಟಿದ್ದಳು, ಮಧ್ಯಾಹ್ನ ಅನ್ನ ಬಿಟ್ಟಿದ್ದಳು. ಸಂಜೆಯ ತನಕ ಗಟ್ಟಿಯಾಗಿ ತಡೆದುಕೊಂಡು ರಾತ್ರಿ ಸೋಲುತ್ತಿದ್ದಳು. ಸೋತದ್ದಕ್ಕೆ ಶಿಕ್ಷೆ ಅಂತ ಮರುದಿನ ಇನ್ನೂ ಬಿಗಿ ಉಪವಾಸ. ರಾತ್ರಿ ಮತ್ತೆ ಅದೇ. ಎಲ್ಲರಲ್ಲೂ ಶುರುವಾಗೋದು ಡಯಟ್‌ನಿಂದಲೇ ಅಂತಲ್ಲ. ಬೇಜಾರು, ಒಂಟಿತನ, ಪರೀಕ್ಷೆಯ ಒತ್ತಡ, ಮೈ ಬಗ್ಗೆ ಯಾರೋ ಆಡಿದ ಮಾತು, ಮನೆತನದಲ್ಲಿ ಬಂದ ಗುಣ, ಹೀಗೆ ಹಲವು ಸೇರಿರುತ್ತವೆ. ಆದರೆ ಈ ಉಪವಾಸ, ಮುಕ್ಕುವಿಕೆ, ಮತ್ತೆ ಉಪವಾಸದ ಸುತ್ತು ಬಹಳ ಜನರಲ್ಲಿ ಕಾಣುತ್ತೆ. ಅದಕ್ಕೇ ಡಾಕ್ಟರು ಅವಳಿಗೆ ಮೊದಲು ಹೇಳಿದ್ದು ‘ಕಡಿಮೆ ತಿನ್ನು’ ಅಂತಲ್ಲ, ‘ಮೂರು ಹೊತ್ತು ಸರಿಯಾಗಿ ತಿನ್ನು’ ಅಂತ. ಅಕ್ಕನಿಗೆ ಇದು ತಿರುಗುಮುರುಗಾ ಕಂಡಿತ್ತು.

ಗಬಗಬ ತಿನ್ನೋದರಲ್ಲಿ ಇನ್ನೊಂದು ವಿಷಯ ಇದೆ. ‘ಸಾಕು’ ಅನ್ನೋ ಸುದ್ದಿ ಹೊಟ್ಟೆಯಿಂದ, ಕರುಳಿನಿಂದ ಮಿದುಳಿಗೆ ಪೂರ್ತಿ ತಲುಪೋಕೆ ಸ್ವಲ್ಪ ಹೊತ್ತು ಬೇಕು. ಸಾಮಾನ್ಯವಾಗಿ 20 ನಿಮಿಷ ಅಂತಾರೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿದ್ದರೆ ಸುದ್ದಿ ಬರೋ ಹೊತ್ತಿಗೆ ಡಬ್ಬ ಖಾಲಿ.

ಚಿಕಿತ್ಸೆ ಇದೆ. ಮಾತಿನ ಚಿಕಿತ್ಸೆ ಮುಖ್ಯವಾದದ್ದು, ಕೆಲವರಿಗೆ ಮಾತ್ರೆಯೂ ಕೊಡುತ್ತಾರೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

## ‘ಬರೀ ಒಂದು ಕ್ವಾರ್ಟರ್’

ಕುಡಿತದ ಬಿಂಜ್‌ಗೆ ಲೆಕ್ಕ ಇದೆ. ವಿಶ್ವ ಆರೋಗ್ಯ ಸಂಸ್ಥೆ ಒಂದು ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಶುದ್ಧ ಆಲ್ಕೋಹಾಲ್ ಕುಡಿದರೆ ಅದನ್ನು ಮಿತಿ ಮೀರಿದ ಸರದಿ ಅಂತ ಎಣಿಸುತ್ತೆ.

60 ಗ್ರಾಂ ಅಂದರೆ ಎಷ್ಟು? ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಮೇಲೆ ಸಾಮಾನ್ಯವಾಗಿ 42.8% ಅಂತ ಬರೆದಿರುತ್ತೆ. ಒಂದು ಕ್ವಾರ್ಟರ್ 180 ಎಂ.ಎಲ್. ಅದರಲ್ಲಿ ಆಲ್ಕೋಹಾಲ್ ಸುಮಾರು 77 ಎಂ.ಎಲ್. ಆಲ್ಕೋಹಾಲ್ ನೀರಿಗಿಂತ ಹಗುರ, ಒಂದು ಎಂ.ಎಲ್. ತೂಗೋದು 0.79 ಗ್ರಾಂ. ಗುಣಿಸಿ ನೋಡಿ, ಹತ್ತಿರ ಹತ್ತಿರ 61 ಗ್ರಾಂ ಬರುತ್ತೆ.

ಅಂದರೆ ‘ಜಾಸ್ತಿ ಏನಿಲ್ಲ ಅಣ್ಣ, ಬರೀ ಒಂದು ಕ್ವಾರ್ಟರ್’ ಅಂತಾರಲ್ಲ, ಆ ಒಂದು ಕ್ವಾರ್ಟರ್ರೇ ಸರಿಯಾಗಿ ಗೆರೆ ಮೇಲೆ ಕೂತಿದೆ. ನೈಂಟಿಗೆ ನಿಲ್ಲಿಸಿದರೆ ಅರ್ಧ ಗೆರೆ. 8% ಇರುವ 650 ಎಂ.ಎಲ್. ಸ್ಟ್ರಾಂಗ್ ಬಿಯರ್ ಬಾಟ್ಲಿಯಲ್ಲಿ 41 ಗ್ರಾಂ ಇರುತ್ತೆ. ಎರಡನೇ ಬಾಟ್ಲಿಯ ಅರ್ಧಕ್ಕೆ ಬರುವಷ್ಟರಲ್ಲಿ ಗೆರೆ ದಾಟಿರುತ್ತೆ. ಇದು ಎಣಿಕೆಯ ಗೆರೆ ಅಷ್ಟೇ. ಅದರ ಕೆಳಗಿದ್ದರೆ ಅಪಾಯ ಇಲ್ಲ ಅಂತ ಅರ್ಥ ಅಲ್ಲ.

## ಎಲೆ ಮೇಲೆ ಕೈ ಅಡ್ಡ ಹಿಡಿಯೋದು

ಕೊನೆಗೆ ಮಗನ ಬಿಂಜ್. 2013ರ ಫೆಬ್ರುವರಿ 1ರಂದು ನೆಟ್‌ಫ್ಲಿಕ್ಸ್ ತನ್ನ ಒಂದು ಸೀರೀಸ್‌ನ 13 ಎಪಿಸೋಡುಗಳನ್ನೂ ಒಂದೇ ದಿನ ಬಿಟ್ಟಿತು. ಅಲ್ಲಿಂದ ಮುಂದೆ ಇದೇ ವಾಡಿಕೆ ಆಯಿತು. ಅದಕ್ಕೆ ಮುಂಚೆ ನಾವು ನೋಡುತ್ತಿದ್ದ ಸೀರಿಯಲ್ಲು ಅರ್ಧ ಗಂಟೆ. ಸೊಸೆಯ ಕೈಯಿಂದ ಹಾಲಿನ ಲೋಟ ಬೀಳುವಾಗ ನಿಂತುಬಿಡೋದು. ಬೈಕೊಂಡು ಏಳುತ್ತಿದ್ದೆವು, ಆದರೆ ಏಳುತ್ತಿದ್ದೆವು.

ಈಗ ಅದು ತಿರುಗಿದೆ. ಮದುವೆ ಮನೆಯ ಪಂಕ್ತಿ ನೆನಪು ಮಾಡಿಕೊಳ್ಳಿ. ಹೋಟೆಲಿನಲ್ಲಾದರೆ ನೀವು ಕೇಳಿದರೆ ಮಾತ್ರ ಇನ್ನೊಂದು ಬರುತ್ತೆ. ಪಂಕ್ತಿಯಲ್ಲಿ ಹಾಗಲ್ಲ, ಹೋಳಿಗೆ ತಟ್ಟೆ ಹಿಡಿದು ಬಂದವರು ‘ಬೇಕಾ’ ಅಂತ ಕೇಳದೆ ಹಾಕಿಬಿಡ್ತಾರೆ. ಬೇಡ ಅಂದರೆ ಎಲೆ ಮೇಲೆ ಕೈ ಅಡ್ಡ ಹಿಡಿಯಬೇಕು, ಬೆರಳ ಸಂದಿಯಲ್ಲೂ ಒಂದು ಜಾರಿಸುವವರಿದ್ದಾರೆ. ಮೊಬೈಲಿನಲ್ಲಿ ಮುಂದಿನ ಎಪಿಸೋಡು ಕೆಲವೇ ಸೆಕೆಂಡಿನಲ್ಲಿ ತಾನೇ ಶುರುವಾಗೋದು ಹೀಗೇ. ನೋಡೋಕೆ ಏನೂ ಮಾಡಬೇಕಿಲ್ಲ, ನಿಲ್ಲಿಸೋಕೆ ಕೈ ಎತ್ತಬೇಕು. ರಾತ್ರಿ ಎರಡು ಗಂಟೆಗೆ ಆ ಕೈ ಏಳೋದಿಲ್ಲ.

ಇದು ಕಾಯಿಲೆನಾ? ಬಿಂಜ್ ವಾಚಿಂಗ್ ಅಂತ ಪ್ರತ್ಯೇಕ ಕಾಯಿಲೆ ವೈದ್ಯರ ಪಟ್ಟಿಯಲ್ಲಿಲ್ಲ. ನಿದ್ದೆ ಕೆಡುತ್ತೆ, ಕಣ್ಣು ಉರಿಯುತ್ತೆ, ಬೆಳಗ್ಗೆ ಕಾಲೇಜು ತಪ್ಪುತ್ತೆ. ಫೋನು ಬಿಟ್ಟಿರಲಾಗದೆ ಓದು, ಕೆಲಸ, ಮನೆ ಮಾತುಕತೆ ಎಲ್ಲ ಕೆಟ್ಟಿದ್ದರೆ ಅದನ್ನು ನೋಡೋಕೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಒಂದು ಕ್ಲಿನಿಕ್ ಇದೆ. ಅದರ ಹೆಸರು ‘ಶಟ್’. ಸುಮ್ನೆ ಒಂದು ಶನಿವಾರ ರಾತ್ರಿ ಸೀರೀಸ್ ಮುಗಿಸಿದವನು ಅಲ್ಲಿಗೆ ಓಡಬೇಕಿಲ್ಲ.

## ಬಾಯಿಗೆ ಹತ್ತಿದ ಮೇಲೆ

ಕನ್ನಡಕ್ಕೆ ಬಂದ ಇಂಗ್ಲಿಷ್ ಪದಕ್ಕೆ ನಾವು ‘ಮಾಡು’ ಅಥವಾ ‘ಆಗು’ ಅಂತ ಬಾಲ ಕಟ್ಟುತ್ತೀವಿ. ಎರಡಕ್ಕೂ ವ್ಯತ್ಯಾಸ ಇದೆ. ‘ಬಿಂಜ್ ಮಾಡ್ದೆ’ ಅಂದರೆ ನಾನೇ ಬೇಕು ಅಂತ ಮಾಡಿದ್ದು, ಮಗ ಹೇಳಿದ್ದು ಹಾಗೆ. ‘ಬಿಂಜ್ ಆಯ್ತು’ ಅಂದರೆ ನನ್ನ ಕೈ ಮೀರಿ ಆಗಿದ್ದು. ‘ಓವರ್ ಮಾಡ್ಬೇಡ’ ಅಂದರೆ ನಾಟಕ ಸಾಕು ಅಂತ, ‘ಅವನಿಗೆ ಓವರ್ ಆಗೈತೆ’ ಅಂದರೆ ಕುಡಿದದ್ದು ಜಾಸ್ತಿ ಆಗಿದೆ ಅಂತ. ಹಾಗೇ ಇದು. ಡಾಕ್ಟರು ಕೇಳುವ ‘ನಿಲ್ಲಿಸೋಕೆ ಆಗ್ತಿತ್ತಾ?’ ಅನ್ನೋ ಪ್ರಶ್ನೆ ನಮ್ಮ ಈ ಎರಡು ಬಾಲಗಳಲ್ಲೇ ಇದೆ.

ಮೊನ್ನೆ ಅಕ್ಕ ಸಿಕ್ಕಿದ್ದರು. ಮಗಳು ಮೂರು ಹೊತ್ತು ಊಟಕ್ಕೆ ಕೂರುತ್ತಿದ್ದಾಳಂತೆ, ಬಲವಂತ ಮಾಡ್ತಿಲ್ಲವಂತೆ. ಹೋದ ಗುರುವಾರ ರಾತ್ರಿ ತಾನಾಗೇ ಅಡುಗೆ ಮನೆಗೆ ಬಂದು, ‘ಅಮ್ಮ, ಇವತ್ತು ಆಯ್ತು’ ಅಂದಳಂತೆ. ಅಕ್ಕ ಬೈಯಲಿಲ್ಲ. ಇಬ್ಬರೂ ಕೂತು ಮಜ್ಜಿಗೆ ಕುಡಿದರಂತೆ.